ಕೆಲಸ ಹೋಗಿದ್ದಕ್ಕೆ ನಾನು ಹಾಕಿದ ಸ್ತೋತ್ರ ಕಾಣಿಕೆ

ಕೆಲಸ ಕಳೆದುಕೊಳ್ಳುವುದಕ್ಕೂ ಒಂದು ಘನತೆ ಬೇಕು ಎಂದು ನಂಬಿದವನು ನಾನು. ನಮ್ಮ ಚರ್ಚಿನ ಗಂಡಸರ ಕೂಟದಲ್ಲಿ ಈ ವಿಷಯವಾಗಿ ಎರಡು ಸಲ ಅರ್ಧರ್ಧ ಗಂಟೆ ಭಾಷಣವನ್ನೂ ಮಾಡಿದ್ದೆ. ಗೊಣಗಬಾರದು, ಯಾರನ್ನೂ ದೂರಬಾರದು, ತೆಗೆದವರನ್ನು ಕ್ಷಮಿಸಬೇಕು, ದೇವರಿಗೆ ಸ್ತೋತ್ರ ಹೇಳಬೇಕು. ಎಲ್ಲರೂ ತಲೆದೂಗಿದ್ದರು. ಆಗ ಅವರಿಗೆಲ್ಲ ಕೆಲಸ ಇತ್ತು. ನನಗೂ ಇತ್ತು!

ಯಶವಂತಪುರದ ಹತ್ತಿರ ಪಂಪ್ ತಯಾರಿಸುವ ಕಂಪನಿಯೊಂದರ ಸ್ಟೋರ್ಸಿನಲ್ಲಿ ಹತ್ತೊಂಬತ್ತು ವರ್ಷ ನಟ್ಟು, ಬೋಲ್ಟು, ವಾಷರುಗಳನ್ನು ಕಾಪಾಡಿದವನು ನಾನು. ಒಂದು ಶುಕ್ರವಾರ ಎಚ್.ಆರ್. ಹುಡುಗಿ ಕರೆದು, ಇನ್ನು ಮೇಲೆ ಸ್ಟೋರ್ಸನ್ನು ಕಂಪ್ಯೂಟರೇ ನೋಡಿಕೊಳ್ಳುತ್ತದೆ ಎಂದಳು. ನಾನು ಅತ್ತರೆ ಇರಲಿ ಎಂದು ಮೇಜಿನ ಮೇಲೆ ಟಿಶ್ಯೂ ಡಬ್ಬಿಯನ್ನೂ ಇಟ್ಟುಕೊಂಡಿದ್ದಳು. ನಾನು ಅದರ ಕಡೆ ಕಣ್ಣೂ ಹಾಯಿಸಲಿಲ್ಲ. ಇಷ್ಟು ವರ್ಷ ಅನ್ನ ಕೊಟ್ಟ ಕಂಪನಿಗೆ ವಂದನೆ ಸಲ್ಲಿಸಿದೆ. ಅವಳ ಮಗುವಿನ ಜ್ವರ ಹೇಗಿದೆ ಎಂದು ವಿಚಾರಿಸಿದೆ. ಆ ಹುಡುಗಿ ಬಿಕ್ಕಿ ಬಿಕ್ಕಿ ಅತ್ತಳು. ಟಿಶ್ಯೂ ಎಳೆದು ಕೊಟ್ಟವನು ನಾನೇ. ನನ್ನನ್ನು ಕೆಲಸದಿಂದ ತೆಗೆದದ್ದಕ್ಕೆ ನಾನೇ ಅವಳಿಗೆ ಸಮಾಧಾನ ಹೇಳಿ ಹೊರಗೆ ಬಂದೆ.

ಅಲ್ಲಿಂದ ಕೆಂಪಾಪುರದ ಮನೆಗೆ ಬಂದು ಬೀಗ ತೆಗೆದಾಗ ಮಾತ್ರ ಘನತೆ ಸ್ವಲ್ಪ ಅಲುಗಾಡಿತು. ಮಕ್ಕಳಿಲ್ಲ. ಹೆಂಡತಿ ಸುನಂದಾ ತೀರಿಕೊಂಡು ಎರಡು ವರ್ಷ. ಅವಳಿದ್ದಿದ್ದರೆ ಮೊದಲು ಕಂಪನಿಯವರಿಗೆ ಚೆನ್ನಾಗಿ ಬೈದು, ಆಮೇಲೆ ನನಗೆ ಬೈದು, ಕೊನೆಗೆ ಕಾಫಿ ಕೊಡುತ್ತಿದ್ದಳು. ಶನಿವಾರ ಪೂರ್ತಿ ಒಬ್ಬನೇ ಕೂತಿದ್ದೆ. ಫೋನು ಎರಡು ಸಲ ಬಡಿದುಕೊಂಡಿತು, ಎರಡು ಸಲವೂ ಲೋನ್ ಬೇಕಾ ಎಂದು ಕೇಳುವವರು. ಯಾರಾದರೂ ಬಂದು ಪಕ್ಕದಲ್ಲಿ ಕೂತು ‘ಅಯ್ಯೋ, ಹೀಗಾಯ್ತಾ’ ಎಂದರೆ ಸಾಕು ಅನ್ನಿಸುತ್ತಿತ್ತು. ಇಷ್ಟೇ ನನಗೆ ಬೇಕಾಗಿದ್ದದ್ದು. ಆದರೆ ಎರಡು ಸಲ ಭಾಷಣ ಮಾಡಿದವನು ಅದನ್ನು ಬಾಯಿಬಿಟ್ಟು ಕೇಳುವುದು ಹೇಗೆ?

ಅದಕ್ಕೊಂದು ಘನವಾದ ಉಪಾಯ ಹೊಳೆಯಿತು. ನಮ್ಮ ಚರ್ಚಿನಲ್ಲಿ ಹುಟ್ಟುಹಬ್ಬವೋ, ಮಕ್ಕಳು ಪರೀಕ್ಷೆ ಪಾಸಾದರೋ, ಆಪರೇಷನ್ ಸಲೀಸಾಗಿ ಆಯಿತೋ, ಒಂದು ಕವರಿನಲ್ಲಿ ಸ್ತೋತ್ರ ಕಾಣಿಕೆ ಹಾಕಿ ಮೇಲೆ ಕಾರಣ ಬರೆಯುತ್ತೇವೆ. ಕಾರ್ಯದರ್ಶಿಗಳು ಆರಾಧನೆಯ ಕೊನೆಯಲ್ಲಿ ಹೆಸರು ಸಮೇತ ಓದುತ್ತಾರೆ. ಕಷ್ಟದಲ್ಲಿರುವವರು ಪ್ರಾರ್ಥನೆ ಕೋರುವ ಚೀಟಿ ಹಾಕುವ ಪೆಟ್ಟಿಗೆ ಬೇರೆ ಇದೆ. ಆ ಪೆಟ್ಟಿಗೆ ನನ್ನಂಥವರಿಗಲ್ಲ ಅಂದುಕೊಂಡು, ಕವರಿನ ಮೇಲೆ ಮುತ್ತಿನಂಥ ಅಕ್ಷರದಲ್ಲಿ ಬರೆದೆ: ‘ನನ್ನ ಉದ್ಯೋಗದಲ್ಲಿ ದೇವರು ಮಾಡಿದ ಬದಲಾವಣೆಗಾಗಿ.’ ಓದಿದೊಡನೆ ಜನ ‘ಏನಾಯ್ತು ಜಯರಾಜಣ್ಣ’ ಎಂದು ಓಡಿ ಬರುತ್ತಾರೆ, ನಾನು ತಣ್ಣಗೆ ಹೇಳುತ್ತೇನೆ, ಅವರು ಕಣ್ಣೊರೆಸಿಕೊಳ್ಳುತ್ತಾರೆ. ಇದು ನನ್ನ ಲೆಕ್ಕಾಚಾರ.

ಭಾನುವಾರ ಕಾರ್ಯದರ್ಶಿ ದೇವಪ್ರಸಾದರು ಕವರ್ ಓದಿದರು. ಇಡೀ ಚರ್ಚು ಚಪ್ಪಾಳೆ ತಟ್ಟಿತು!

ಕೆಲಸ ಹೋಗಿದ್ದಕ್ಕೆ ಕಾಣಿಕೆ ಹಾಕಿದವರು ನಮ್ಮಲ್ಲಿ ಇದುವರೆಗೆ ಹುಟ್ಟಿಲ್ಲ ಎಂಬುದು ನನಗೆ ಆಗ ಹೊಳೆಯಿತು. ಹೊರಗೆ ಬಂದರೆ ಕೈ ಕುಲುಕಲು ಸಾಲು ನಿಂತಿತ್ತು. ಒಬ್ಬರು ಪ್ರಮೋಷನ್ ಅಂದರು, ಇನ್ನೊಬ್ಬರು ಹೊಸ ಕಂಪನಿ ಅಂದರು. ನಿಜ ಹೇಳೋಣ ಎಂದು ಬಾಯಿ ತೆರೆದಾಗಲೆಲ್ಲ ‘ಎಲ್ಲಾ ದೇವರ ದಯೆ’ ಎಂಬ ಹಾಳು ಮಾತು ತಾನಾಗಿಯೇ ಹೊರಗೆ ಬರುತ್ತಿತ್ತು. ಸೋಮವಾರ ನಮ್ಮ ಚರ್ಚಿನ ಗ್ರೇಸಿ ಆಂಟಿ ಮಗನ ಬಯೋಡಾಟಾ ಹಿಡಿದುಕೊಂಡು ಬಂದು, ಹೊಸ ಜಾಗದಲ್ಲಿ ಇವನಿಗೂ ಒಂದು ಕೆಲಸ ಕೊಡಿಸಬೇಕೆಂದರು. ಕೆಲಸವಿಲ್ಲದ ನಾನು ಅದನ್ನು ಎರಡೂ ಕೈಯಲ್ಲಿ ಇಸಕೊಂಡೆ. ಮಂಗಳವಾರದ ಹೊತ್ತಿಗೆ ಜನರ ಬಾಯಲ್ಲಿ ನಾನು ಕತಾರಿಗೆ ಹೊರಟಿದ್ದೆ. ಬುಧವಾರ ದೇವಪ್ರಸಾದರು ಫೋನ್ ಮಾಡಿ, ನಾಳೆ ಸಂಜೆ ಐದಕ್ಕೆ ನಿಮ್ಮ ಮನೆಯಲ್ಲೇ ಕೃತಜ್ಞತಾ ಪ್ರಾರ್ಥನೆ ಇಟ್ಟುಕೊಂಡಿದ್ದೇವೆ, ದೇವರು ಮಾಡಿದ ಉಪಕಾರದ ಸಾಕ್ಷಿ ಹೇಳಲು ತಯಾರಾಗಿರಿ ಎಂದು ಅಪ್ಪಣೆ ಕೊಡಿಸಿದರು.

ಎದುರು ಮನೆಯ ನಂಜಮ್ಮನವರ ಹತ್ತಿರ ಹನ್ನೆರಡು ಪ್ಲಾಸ್ಟಿಕ್ ಕುರ್ಚಿ ಕೇಳಿ ತಂದೆ. ಕೆಂಪಾಪುರ ಇನ್ನೂ ಹಳ್ಳಿಯಾಗಿದ್ದಾಗ ಅಲ್ಲಿ ರಾಗಿ ಬೆಳೆದವರು ಅವರು, ಈಗ ಮೂರು ಬಿಲ್ಡಿಂಗಿನ ಒಡತಿ. ಕೇಸರಿಬಾತ್ ನಾನೇ ಮಾಡಿದೆ. ತಳ ಹಿಡಿಯಿತು.

ಇಪ್ಪತ್ತೆರಡು ಜನ ಬಂದರು. ಹಾಡಿದರು. ಪಾಸ್ಟರ್ ಅಯ್ಯನವರು ಸಾಕ್ಷಿ ಹೇಳಲು ಕರೆದರು. ಎದ್ದು ನಿಂತೆ.

“ನನಗೆ ಹೊಸ ಕೆಲಸ ಸಿಕ್ಕಿಲ್ಲ. ಇದ್ದ ಕೆಲಸಾನೂ ಹೋಯ್ತು,” ಅಂದೆ.

ಗ್ರೇಸಿ ಆಂಟಿ ಚಮಚ ಕೆಳಗಿಟ್ಟರು. ಈಗ ಯಾರಾದರೂ ಎದ್ದು ಬರುತ್ತಾರೆ, ಹೆಗಲ ಮೇಲೆ ಕೈ ಹಾಕುತ್ತಾರೆ ಎಂದು ನಾನು ಕಾದೆ. ಅಯ್ಯನವರು ನಿಜವಾಗಿಯೂ ಎದ್ದರು. ಅವರ ಕಣ್ಣು ತುಂಬಿತ್ತು.

“ನೋಡಿ, ಇದಪ್ಪಾ ವಿಶ್ವಾಸ ಅಂದ್ರೆ. ಕೆಲಸ ಹೋದ್ರೂ ಸ್ತೋತ್ರ ಕಾಣಿಕೆ ಹಾಕಿದ್ದಾರೆ. ಇವರಿಗೋಸ್ಕರ ನಾವೇನು ಪ್ರಾರ್ಥನೆ ಮಾಡೋದು? ಇವರೇ ನಮಗೋಸ್ಕರ ಮಾಡ್ಬೇಕು,” ಅಂದರು.

ಆಗಿದ್ದೂ ಹಾಗೇ. ಒಬ್ಬೊಬ್ಬರಾಗಿ ಬಂದು ನನ್ನ ಮುಂದೆ ತಲೆ ಬಾಗಿಸಿದರು. ಮಂಡಿನೋವು, ಸೊಸೆಯ ಕಾಟ, ಸಹಕಾರನಗರದ ಸೈಟಿನ ಖಾತೆ, ಗ್ರೇಸಿ ಆಂಟಿಯ ಮಗನ ಕೆಲಸ, ಎಲ್ಲದಕ್ಕೂ ನಾನೇ ಪ್ರಾರ್ಥಿಸಿದೆ. ಮುಕ್ಕಾಲು ಗಂಟೆ ಹಿಡಿಯಿತು. ‘ನಿಮ್ಮನ್ನ ನೋಡಿದ್ರೆ ಧೈರ್ಯ ಬರುತ್ತೆ’ ಎಂದು ಹೇಳಿ, ಕೇಸರಿಬಾತ್ ಖಾಲಿ ಮಾಡಿ, ಎಲ್ಲರೂ ಹೊರಟುಹೋದರು. ನನ್ನ ಭಾಷಣವನ್ನು ಅವರು ಎಷ್ಟು ಚೆನ್ನಾಗಿ ಕೇಳಿಸಿಕೊಂಡಿದ್ದರೆಂದರೆ, ನನಗೂ ದುಃಖವಾಗಬಹುದು ಎಂಬುದೇ ಅವರಿಗೆ ಮರೆತುಹೋಗಿತ್ತು. ಬಾಗಿಲು ಹಾಕಿಕೊಂಡಾಗ ಮನೆ ಶನಿವಾರಕ್ಕಿಂತ ದೊಡ್ಡದಾಗಿ ಕಂಡಿತು.

ಕುರ್ಚಿಗಳನ್ನು ಹೊತ್ತುಕೊಂಡು ನಂಜಮ್ಮನವರ ಮನೆಗೆ ಹೋದೆ. ಏಳು ಗಂಟೆಯ ಧಾರಾವಾಹಿ ನಡೆಯುತ್ತಿತ್ತು. ಅದರಲ್ಲಿ ಯಾರೋ ಸೊಸೆ ಆಸ್ಪತ್ರೆಯ ಹಾಸಿಗೆಯ ಮೇಲೆ ಕಣ್ಣುಮುಚ್ಚಿ ಮಲಗಿದ್ದಳು. ನಂಜಮ್ಮ ಟಿ.ವಿ.ಯಿಂದ ಕಣ್ಣು ತೆಗೆಯದೆ, ಕುರ್ಚಿ ಅಲ್ಲೇ ಇಟ್ಟು ಒಂದು ಗಳಿಗೆ ಕೂತ್ಕೋ ಎಂದರು. ಕೂತೆ. ಒಂದು ವಾರದಲ್ಲಿ ನನ್ನನ್ನು ಸುಮ್ಮನೆ ಕೂತ್ಕೋ ಎಂದವರು ಅವರೊಬ್ಬರೇ. ಅಷ್ಟಕ್ಕೇ ಅಳು ಬಂತು. ತಡೆದುಕೊಳ್ಳೋಣ ಎಂದುಕೊಂಡೆ, ಆಗಲಿಲ್ಲ. ಐವತ್ತೆರಡು ವರ್ಷದ ಗಂಡಸು ಮಗುವಿನ ಹಾಗೆ ಗೊಳೋ ಎಂದು ಅತ್ತುಬಿಟ್ಟೆ.

ನಂಜಮ್ಮ ತಿರುಗಿ ನೋಡಿದರು. ಪಕ್ಕಕ್ಕೆ ಸರಿದು ಬಂದು ಬೆನ್ನು ಸವರಿದರು.

“ಅಳ್ಬ್ಯಾಡ ಕಣಪ್ಪಾ, ಸುಮ್ಕಿರು. ಅವ್ಳು ಸಾಯಾಕಿಲ್ಲ. ನಾಳಿಕ್ಕೆ ಎದ್ದು ಕುಂತ್ಕತಾಳೆ ನೋಡು.”

ವಾರದಿಂದ ಕಾಯುತ್ತಿದ್ದ ಸಮಾಧಾನ ಕೊನೆಗೂ ಸಿಕ್ಕಿತು, ಇನ್ಯಾರದೋ ಹೆಸರಿನಲ್ಲಿ. ತಪ್ಪು ತಿಳಿದಿದ್ದೀರಿ ಎಂದು ಹೇಳಬೇಕಿತ್ತು. ಹೇಳಿದರೆ ಎಲ್ಲಿ ಕೈ ತೆಗೆಯುತ್ತಾರೋ ಎಂದು, ಕಣ್ಣೊರೆಸಿಕೊಳ್ಳುತ್ತಾ, ಆ ಸೊಸೆಗೆ ಏನಾಗಿತ್ತು ಎಂದು ಕೇಳಿದೆ.