ಬಿಸಿಲಿಗೆ ಚಕ್ಕುಬಂದಿ

ಪರವೂರಿನವರು ನಮ್ಮ ಬಿಸಿಲನ್ನು ಬೈದರೆ ಬಳ್ಳಾರಿಯವರಾದ ನಮಗೆ ಮೂಗಿನ ತುದಿಗೇ ಸಿಟ್ಟು ಬರುತ್ತದೆ. ನಾವು ಬೈಯಬಹುದು, ಅದು ಮನೆಯ ಮಾತು. ಬೀಗರು ಬಂದು ಸಾರಿಗೆ ಉಪ್ಪು ಜಾಸ್ತಿ ಎಂದರೆ ಹೇಗೋ ಹಾಗೆ. ಹುಟ್ಟಿದಾಗಿನಿಂದ ನೆತ್ತಿಯ ಮೇಲೆ ಹೊತ್ತುಕೊಂಡ ಈ ಬಿಸಿಲು ನಮ್ಮದೇ ಸ್ವತ್ತು ಎಂಬ ಜಂಬ ನನಗೂ ಇತ್ತು. ಬಿಸಿಲು ಪುಕ್ಕಟೆ, ಆದರೆ ಅದು ಬೀಳುವ ನೆಲಕ್ಕೊಬ್ಬ ಒಡೆಯ, ಆ ಒಡೆಯನಿಗೆ ಮೇಲೊಬ್ಬ ಸಾಹೇಬ, ಸಾಹೇಬನಿಗೆ ದೂರದಲ್ಲೊಂದು ಕಚೇರಿ ಇರುತ್ತದೆ ಎಂಬುದು ತಡವಾಗಿ ತಿಳಿಯಿತು. ತಿಳಿಯುವಷ್ಟರಲ್ಲಿ ನನ್ನ ಹೆಂಡತಿ ತನ್ನ ಕೋಣೆ ಕಳೆದುಕೊಂಡಿದ್ದಳು.

ನಾನು ವಿದ್ಯುತ್ ಗುತ್ತಿಗೆದಾರ. ಪಾರ್ವತಿನಗರದಲ್ಲಿ ಮನೆ. ಮನೆಗಳಿಗೆ ವೈರಿಂಗ್ ಮಾಡಿಸುವುದು, ಅಕ್ಕಿ ಗಿರಣಿಗಳ ಮೋಟಾರು ಕೂಡಿಸುವುದು, ಇಷ್ಟರಲ್ಲೇ ಬದುಕು ಸಾಗಿತ್ತು. ಒಂದು ದಿನ ಸೇನೆಯ ಶಿಬಿರವೊಂದರಿಂದ ಕರೆ ಬಂತು. ಶಿಬಿರ ಕುರುಗೋಡಿಗೂ ಸಿರುಗುಪ್ಪಕ್ಕೂ ನಡುವೆ ಎಲ್ಲೋ ಇದೆ. ಇದಕ್ಕಿಂತ ಹೆಚ್ಚು ಹೇಳುವಂತಿಲ್ಲ. ಬ್ಯಾಂಕಿಗೂ ಹೇಳುವಂತಿರಲಿಲ್ಲ, ಅಲ್ಲೇ ಎಲ್ಲ ಕೆಟ್ಟಿತು. ಅಲ್ಲಿನ ಸಾಹೇಬರು ಬಹಳ ಸಭ್ಯರು. ಬೇಸಿಗೆಯ ಮಧ್ಯಾಹ್ನ ಕರೆಂಟ್ ಹೋದರೆ ಜವಾನರ ಹೆಂಡತಿ ಮಕ್ಕಳು ಕ್ವಾರ್ಟರ್ಸಿನಲ್ಲಿ ಬೇಯುತ್ತಾರೆ, ಖಾಲಿ ಜಾಗದಲ್ಲಿ ನೀವು ಸೋಲಾರ್ ಪ್ಯಾನೆಲ್ ಹಾಕಿ, ನಾವು ಇಪ್ಪತ್ತೈದು ವರ್ಷ ಯೂನಿಟ್ ಲೆಕ್ಕದಲ್ಲಿ ಕರೆಂಟ್ ಕೊಳ್ಳುತ್ತೇವೆ ಎಂದು ಹಿಂದಿಯಲ್ಲಿ ಹೇಳಿದರು. ಚಹಾದ ಜೊತೆ ಬಿಸ್ಕತ್ತೂ ಬಂತು. ಸರ್ಕಾರಿ ಕಚೇರಿಯಲ್ಲಿ ಬಿಸ್ಕತ್ತು ತಿಂದವನಿಗೆ ಬುದ್ಧಿ ನೆಟ್ಟಗಿರುವುದಿಲ್ಲ. ತಿಂಗಳ ಕೊನೆಯೊಳಗೆ ಕೊಂಡರೆ ದರ ಕಡಿಮೆ ಎಂದು ಕಂಪನಿಯವನು ಹೇಳಿದ್ದೇ ತಡ, ಕರಾರಿಗೆ ಸಹಿ ಬೀಳುವ ಮೊದಲೇ ಮೊದಲ ಲಾರಿ ಪ್ಯಾನೆಲ್ ತರಿಸಿಬಿಟ್ಟೆ.

ನನ್ನ ಹೆಂಡತಿ ವಿಶಾಲಾಕ್ಷಿ ಹೊಲಿಗೆಯವಳು. ನಮ್ಮ ಓಣಿಯ ಮದುವೆಯ ರವಿಕೆಗಳೆಲ್ಲ ಅವಳ ಕೈಯಲ್ಲೇ ಆಗುತ್ತಿದ್ದವು. ಲಾರಿ ಬಂದು ನಿಂತಾಗ ಅವಳು ಬಾಗಿಲಲ್ಲಿ ನಿಂತು ಹೇಳಿದ್ದು ಇಷ್ಟೇ: “ಕೂಸು ಹುಟ್ಟೂದಕ್ಕ ಮೊದಲ ಕುಲಾವಿ ಹೊಲಿಸೀರಿ. ಹೊಲಿಯಾಕಿ ನಾನು. ಒಂದು ಮಾತು ಕೇಳಬಾರದಿತ್ತೇನ್ರಿ?”

ಆ ಲಾರಿಯ ಪ್ಯಾನೆಲ್‌ಗಳ ಮೇಲೆ ಬ್ಯಾಂಕು ಸಣ್ಣದೊಂದು ಸಾಲ ಕೊಟ್ಟಿತ್ತು. ಅದರ ಕಾಗದದಲ್ಲಿ ಒಂದು ಷರತ್ತು: ಸರಕನ್ನು ಬಿಸಿಲು, ಮಳೆ, ಧೂಳು ತಾಗದಂತೆ ಕಾಪಾಡತಕ್ಕದ್ದು. ಸೋಲಾರ್ ಪ್ಯಾನೆಲ್ಲನ್ನು ಬಿಸಿಲಿನಿಂದ ಕಾಪಾಡುವುದು, ಅದೂ ಬಳ್ಳಾರಿಯಲ್ಲಿ. ನಮ್ಮ ಮನೆಯಲ್ಲಿ ತಂಪಾಗಿರುವುದು ಒಂದೇ ಕೋಣೆ. ಕಡಪ ಕಲ್ಲಿನ ನೆಲ, ಹೊರಗೆ ಬೇವಿನ ಮರದ ನೆರಳು. ಅದು ವಿಶಾಲಾಕ್ಷಿಯ ಹೊಲಿಗೆಯ ಕೋಣೆ. “ಒಂದು ತಿಂಗಳ ಮಾತು” ಎಂದೆ. ಅವಳು ಮಿಷನ್ನನ್ನು ತಾನೇ ಎಳೆದುಕೊಂಡು ಪಡಸಾಲೆಗೆ ಹೋದಳು. ಪ್ಯಾನೆಲ್‌ಗಳು ತಂಪಿನಲ್ಲಿ ಬೀಗರಂತೆ ಕೂತವು.

ಇನ್ನು ಕರಾರಿನ ಕತೆ. ಉಳಿದ ಪ್ಯಾನೆಲ್‌ಗಳಿಗೆ ದೊಡ್ಡ ಸಾಲ ಕೊಡುವ ಮೊದಲು ಬ್ಯಾಂಕಿಗೆ ಜಾಗದ ಚಕ್ಕುಬಂದಿ ಬೇಕು. ಪೂರ್ವಕ್ಕೆ ಯಾರ ಹೊಲ, ಪಶ್ಚಿಮಕ್ಕೆ ಯಾವ ಹಳ್ಳ, ಇವಿಲ್ಲದೆ ನಮ್ಮ ಕಡೆ ಒಂದು ಕೋಳಿಗೂಡಿನ ಕಾಗದವೂ ಆಗುವುದಿಲ್ಲ. ಶಿಬಿರದವರು ಅವನ್ನು ಬರೆದು ಕೊಡುವಂತಿಲ್ಲ, ಗುಟ್ಟು. ಬಹಳ ಬೇಡಿಕೊಂಡ ಮೇಲೆ ಪೂರ್ವಕ್ಕೆ ರಕ್ಷಣಾ ಭೂಮಿ, ಪಶ್ಚಿಮಕ್ಕೆ ರಕ್ಷಣಾ ಭೂಮಿ, ಉತ್ತರ ದಕ್ಷಿಣಕ್ಕೂ ಅದೇ ಎಂದು ಬರೆದುಕೊಟ್ಟರು. ಬ್ಯಾಂಕಿನ ಮ್ಯಾನೇಜರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. “ನಾಕೂ ದಿಕ್ಕಿಗಿ ಅದ ಐತಿ ಅಂದ್ರ, ನಡುವಿಂದು ಎಲ್ಲೈತ್ರಿ ಯಜಮಾನರ?” ಎಂದರು. ಅವರು ನಮ್ಮ ಕೊಳಗಲ್ಲಿನವರೇ, ನೆಲದ ಮಾತು ಬಲ್ಲವರು. ಸರಿ, ಜಾಗವನ್ನಾದರೂ ಅಡವಿಡಿ ಎಂದರು. ಸೇನೆಯ ನೆಲ ಅಡವಿಡಲು ಬರುವುದಿಲ್ಲ. ಹಾಗಾದರೆ ಕಂತು ತಪ್ಪಿದ ದಿನ ಒಳಗೆ ಬಂದು ಪ್ಯಾನೆಲ್ ಬಿಚ್ಚಿಕೊಂಡು ಹೋಗಲು ಅನುಮತಿ ಪತ್ರ ತನ್ನಿ ಎಂದರು. ಪಾಸಿಲ್ಲದೆ ಯಾರೂ ಒಳಗೆ ಬರುವಂತಿಲ್ಲ, ಜಪ್ತಿಗೆ ಬರುವವರಿಗೆ ಪಾಸೇ ಇಲ್ಲ ಎಂದು ಶಿಬಿರದ ಉತ್ತರ. “ನಮ್ಮ ಹುಡುಗ್ರು ಬಂದೂಕಿನ ಮುಂದ ನಿಂತು ಬೋಲ್ಟ್ ಬಿಚ್ಚಬೇಕೇನ್ರಿ? ಅವರಿಗೂ ಹೆಂಡ್ರು ಮಕ್ಕಳು ಅದಾರ,” ಎಂದರು ಮ್ಯಾನೇಜರು. ತಪ್ಪು ಯಾರದೂ ಅಲ್ಲ. ಇಬ್ಬರೂ ತಮ್ಮ ತಮ್ಮ ಕಾನೂನಿಗೆ ನಿಷ್ಠರು. ನಡುವೆ ನಾನು, ನಾಲ್ಕೂ ದಿಕ್ಕಿಗೆ ರಕ್ಷಣಾ ಭೂಮಿ.

ಈ ನಡುವೆ ಬ್ಯಾಂಕಿನವರು ಬಂದು ಕೋಣೆಯ ಬಾಗಿಲಿಗೆ ಮೊಳೆ ಹೊಡೆದು ಒಂದು ಬೋರ್ಡು ತೂಗುಹಾಕಿದರು. ಇಲ್ಲಿರುವ ಸರಕು ಬ್ಯಾಂಕಿಗೆ ಅಡಮಾನವಾಗಿದೆ ಎಂದು ದಪ್ಪಕ್ಷರದಲ್ಲಿ ಬರೆದಿತ್ತು. ರವಿಕೆಯ ಅಳತೆ ಕೊಡಲು ಬಂದ ಹೆಂಗಸರು ಅದನ್ನು ಓದಿದರು. ಗಂಡ ಹೆಂಡತಿಯ ಹೊಲಿಗೆ ಮಿಷನ್ನನ್ನೂ ಒತ್ತೆ ಇಟ್ಟಿದ್ದಾನಂತೆ ಎಂಬ ಸುದ್ದಿ ಓಣಿ ದಾಟಿತು. ಸುದ್ದಿ ಹೋಗಲಿ, ಪಡಸಾಲೆಯಲ್ಲಿ ರವಿಕೆ ತೊಟ್ಟು ನೋಡಲು ಮರೆ ಎಲ್ಲಿದೆ? ನಾನಂತೂ ಕರಾರಿನ ಕರಡು ಹಿಡಿದು ಅಲ್ಲೇ ಕುರ್ಚಿಯಲ್ಲಿ ಕೂತಿರುತ್ತಿದ್ದೆ. ಹೆಂಗಸರು ಬಾಗಿಲವರೆಗೆ ಬಂದು, ನನ್ನನ್ನು ನೋಡಿ, “ಆಮ್ಯಾಲೆ ಬರ್ತೀವಕ್ಕಾ” ಎಂದು ಹೋಗುತ್ತಿದ್ದರು. ಎದ್ದು ಹೋಗಬೇಕು ಎಂದು ನನಗೆ ಹೊಳೆಯಲೇ ಇಲ್ಲ.

ಬೇಸಿಗೆ ಬಂತು. ಒಂದು ಮಧ್ಯಾಹ್ನ ಕರೆಂಟ್ ಹೋಗಿ ಬರಲೇ ಇಲ್ಲ. ವಿಶಾಲಾಕ್ಷಿಗೆ ಒಂದು ಮದುವೆಯ ಬಟ್ಟೆ ಮರುದಿನವೇ ಕೊಡಬೇಕಿತ್ತು. ಬೆವರಿನ ಕೈಯನ್ನು ರೇಷ್ಮೆಗೆ ತಾಗಿಸಲಾಗದೆ ಸೆರಗಿಗೆ ಒರೆಸಿ ಒರೆಸಿ ಸೋತಳು. “ಏನ್ರಿ, ಒಂದ ಒಂದು ಪ್ಯಾನೆಲ್ ಮಾಳಿಗಿ ಮ್ಯಾಲೆ ಇಡ್ರಿ. ಒಂದು ಫ್ಯಾನ್ ತಿರುಗ್ಲಿ. ಅದಕ್ಕ ಬಿಸಿಲು ತಾಗಿದ್ರ ಏನು ಸವೀತದ?” ಎಂದಳು. ನಾನು ಕಾಗದ ತೆರೆದು ಷರತ್ತನ್ನು ಓದಿ ಹೇಳಿದೆ. ಒಮ್ಮೆ ಬಳಸಿದರೆ ಹಳೆಯ ಸರಕು ಎಂದು ಶಿಬಿರದವರು ತಿರಸ್ಕರಿಸುತ್ತಾರೆ ಎಂದೂ ವಿವರಿಸಿದೆ. ಅವಳು ಪೂರ್ತಿ ಕೇಳಿದಳು. ಆಮೇಲೆ ಆ ರೇಷ್ಮೆ ಬಟ್ಟೆಯನ್ನು ಮಡಚಿ, ಸತ್ಯನಾರಾಯಣಪೇಟೆಯ ಇನ್ನೊಬ್ಬ ಹೊಲಿಗೆಯವಳಿಗೆ ಕೊಟ್ಟು ಬಂದಳು. ಷರತ್ತು ಷರತ್ತೇ ಅಲ್ಲವೆ ಎಂದು ನಾನು ಕಾಗದವನ್ನು ಮಡಚಿ ಕಡತದಲ್ಲಿಟ್ಟೆ.

ಬಿಸ್ಕತ್ತಿನ ಸಾಹೇಬರಿಗೆ ವರ್ಗವಾಯಿತು. ಇಪ್ಪತ್ತೈದು ವರ್ಷದ ಮಾತಾಡಿದವರು ಅಲ್ಲಿ ಇದ್ದದ್ದೇ ಎರಡು ವರ್ಷ. ಹೊಸಬರು ಕಡತವನ್ನು ಮೊದಲಿನಿಂದ ಓದಿದರು, ಅವರ ಮೇಲಿನವರೂ ಓದಿದರು. ಕೊನೆಗೆ ಆ ಜಾಗ ಬೇರೆ ಕೆಲಸಕ್ಕೆ ಬೇಕಾಗಿದೆ, ತಮ್ಮ ಆಸಕ್ತಿಗೆ ವಂದನೆಗಳು ಎಂದು ಪತ್ರ ಬಂತು. ಕ್ವಾರ್ಟರ್ಸಿನ ಮಕ್ಕಳಿಗೆ ಈಗಲೂ ಮಧ್ಯಾಹ್ನ ಫ್ಯಾನ್ ಇಲ್ಲ. ನೆನೆದರೆ ಬೇಜಾರಾಗುತ್ತದೆ. ಕಂಪನಿಯವನು ಪ್ಯಾನೆಲ್‌ಗಳನ್ನು ಅಗ್ಗದ ದರಕ್ಕೆ ವಾಪಸು ಒಯ್ದ, ಆ ಹಣ ಬ್ಯಾಂಕಿನ ಸಾಲಕ್ಕೆ ಹೋಯಿತು. ಒಂದು ದಿನವೂ ಬಿಸಿಲು ಕಾಣದ ಅವು ಹೊಳೆಯುತ್ತಿದ್ದವು.

ಕೋಣೆಯನ್ನು ನಾನೇ ಗುಡಿಸಿ ಒರೆಸಿ, “ಬಾ, ನಿನ್ನ ಕೋಣೆ ಖಾಲಿಯಾಯಿತು” ಎಂದೆ. ವಿಶಾಲಾಕ್ಷಿ ಚೀಲಕ್ಕೆ ಕತ್ತರಿ ಹಾಕುತ್ತಿದ್ದಳು. “ಸತ್ಯನಾರಾಯಣಪ್ಯಾಟ್ಯಾಗ ಅಂಗಡಿ ಹಿಡಿದೀನ್ರಿ. ಆಕೀನೂ ನಾನೂ ಕೂಡೇ ಹೊಲಿತೀವಿ. ಗಿರಾಕಿಗಳು ಅಲ್ಲಿಗೇ ಬರಾಕತ್ತ್ಯಾರ.” ನೋಡಲು ಹೋದೆ. ಪುಟ್ಟ ಅಂಗಡಿ, ಒಳಗೆ ಪರದೆ ಕಟ್ಟಿದ ಮರೆ, ಮಾಳಿಗೆಯ ಮೇಲೆ ಎರಡು ಪ್ಯಾನೆಲ್. ಊರಿಗೆಲ್ಲ ಕರೆಂಟ್ ಹೋಗಿತ್ತು, ಅಲ್ಲಿ ಫ್ಯಾನ್ ತಿರುಗುತ್ತಿತ್ತು. ಬಾಡಿಗೆಯ ಮಾಳಿಗೆ, ಮಾಲೀಕನ ಒಪ್ಪಿಗೆ ಪತ್ರ ಇದೆಯೇ ಎಂದು ಕೇಳಲು ಬಾಯಿ ತೆರೆದೆ. ಅವಳು ನನ್ನ ಮುಖ ನೋಡಿಯೇ ತಿಳಿದಳು. “ಏನೂ ಕೇಳಬ್ಯಾಡ್ರಿ. ಫ್ಯಾನಿನ ಕೆಳಗ ಒಂದೀಟು ಕೂಡ್ರಿ. ಗಿರಾಕಿ ಬಂದ್ರ ಮಾತ್ರ ಏಳ್ರಿ.”

ಕೂತೆ. ಗಿರಾಕಿ ಬಂದಾಗ ಎದ್ದು ಮನೆಗೂ ಬಂದೆ. ಈಗ ಆ ತಂಪು ಕೋಣೆಯಲ್ಲಿ ನಾನೇ ಕೂರುತ್ತೇನೆ. ಗೋಡೆಗೆ ಒಂದೆರಡು ದಾರದ ಎಳೆ ಅಂಟಿವೆ, ಬಾಗಿಲಲ್ಲಿ ಬೋರ್ಡು ತೂಗಿದ್ದ ಮೊಳೆ ಉಳಿದಿದೆ. ಮಧ್ಯಾಹ್ನ ಬೇವಿನ ಎಲೆಗಳ ಸಂದಿಯಿಂದ ಬಿಸಿಲು ಕಿಟಕಿಯ ಒಳಗೆ ಇಣುಕಿದರೆ, ಕೈ ತಾನಾಗಿಯೇ ಹೋಗಿ ಪರದೆ ಎಳೆಯುತ್ತದೆ. ಕಾಪಾಡಲು ಈಗ ಇಲ್ಲಿ ನನ್ನನ್ನು ಬಿಟ್ಟರೆ ಬೇರೆ ಸರಕಿಲ್ಲ.