ರಜೆಯನ್ನೇ ಹಾಕದ ಗಡ್ಡೆಯವರಿಗೆ

ನನ್ನ ಹೆಂಡತಿ ಶರೀಫಾಬೀಯ ಎಡ ಎದೆಯಲ್ಲಿ ಯಾರನ್ನೂ ಕೇಳದೆ ಬಿಡಾರ ಹೂಡಿರುವ ಮಾನ್ಯ ಗಡ್ಡೆಯವರಿಗೆ, ಶಹಾಪುರ ಬಸ್‌ಸ್ಟ್ಯಾಂಡಿನ ಹಿಂದಿರುವ ಗಾದಿ ಅಂಗಡಿಯ ವಹಾಬನು ತಲೆಬಾಗಿ ಮಾಡುವ ಸಲಾಮುಗಳು.

ಮಾನ್ಯರೇ, ತಾವು ಕ್ಷೇಮವೇ ಎಂದು ನಾನು ಕೇಳುವುದಿಲ್ಲ, ಏಕೆಂದರೆ ತಾವು ದಿನದಿನಕ್ಕೆ ಮೈ ತುಂಬಿಕೊಳ್ಳುತ್ತಿರುವುದು ನಮಗೆ ಗೊತ್ತೇ ಇದೆ.

ಅರಳೆ ಹಿಂಜಿ ಗಾದಿ ಹೊಲಿಯುವುದು ನಮ್ಮ ಕಸುಬು. ಹಿಂಜುವಾಗ ಕೈಗೆ ಗಂಟು ಸಿಕ್ಕರೆ ಅದನ್ನು ಅಲ್ಲೇ ಕಿತ್ತೆಸೆದು ಮುಂದಿನ ಕೆಲಸ ನೋಡುತ್ತೇವೆ. ಗಂಟು ಒಳಗಿಟ್ಟು ಹೊಲಿದರೆ ಗಿರಾಕಿ ಮುಖಕ್ಕೆ ಉಗಿಯುತ್ತಾನೆ. ಹಿಂಜುವ ಆ ಕೈಯಿಂದಲೇ ಶರೀಫಾ ತಮ್ಮನ್ನು ಪತ್ತೆ ಹಚ್ಚಿದಳು. ಹತ್ತಿ ಬಿಡಿಸುವ ಕಾಲಕ್ಕೆ ಯಾದಗಿರಿಯಲ್ಲಿ ಸೂಜಿ ಚುಚ್ಚಿ ನೋಡಿದ ಡಾಕ್ಟರು ತಾವು ಕ್ಯಾನ್ಸರೇ ಹೌದೆಂದು ಹೇಳಿದರು. ನಾನೊಬ್ಬ ಹುಚ್ಚ, ನಾಳೆಯೇ ಕಿತ್ತು ಬಿಸಾಕುತ್ತಾರೆಂದು ಅಂಗಡಿಗೆ ಕೀಲಿ ಹಾಕಿದೆ. ಈಗ ಹೊಲದ ಹತ್ತಿಕಟ್ಟಿಗೆಯೂ ಕಿತ್ತು ಒಲೆ ಸೇರಿದೆ, ತಾವು ಮಾತ್ರ ಕುಳಿತಲ್ಲೇ ಇದ್ದೀರಿ.

ಆಪರೇಷನ್ನಿಗೆಂದು ಯಾದಗಿರಿಯವರು ನಮ್ಮನ್ನು ಕಳಿಸಿದ ದೂರದ ದೊಡ್ಡಾಸ್ಪತ್ರೆಯವರ ತಪ್ಪೆಂದು ನಾನು ಹೇಳಲಾರೆ. ಮೊದಲು ಸ್ಕ್ಯಾನ್ ಮಷೀನು ಕೆಟ್ಟಿತ್ತು. ಮಷೀನು ಸುಧಾರಿಸಿದಾಗ ಅದನ್ನು ನೋಡುವ ಡಾಕ್ಟರು ಟ್ರೇನಿಂಗಿಗೆ ಹೋಗಿದ್ದರು. ಅವರು ಬಂದಾಗ ಆಪರೇಷನ್ ದಿನ ಗೊತ್ತು ಮಾಡುವ ಡಾಕ್ಟರುಗಳ ಕಮಿಟಿ ಕೂಡಲಿಲ್ಲ. ಕಮಿಟಿ ಕೂಡುವ ದಿನ ಹಬ್ಬ ಬಂತು. ಖರ್ಚಿಗೆ ಸರಕಾರದ ಮಂಜೂರಾತಿ ಕೈಯಲ್ಲೇ ಇದೆ, ಆದರೆ ದೇವರು ವರ ಕೊಟ್ಟರೂ ಪೂಜಾರಿ ಕೊಡನಲ್ಲ! ಕಿಟಕಿಯ ಒಳಗಿನವರು ಮಾತ್ರ ಪ್ರತಿ ಸಲವೂ ಬಹಳ ಮರ್ಯಾದೆಯಿಂದ "ಗಾಬರಿ ಆಗಬ್ಯಾಡ್ರಿ, ಮುಂದಿನ ವಾರ ಬರ್ರಿ" ಎಂದು ಕಳಿಸಿಕೊಟ್ಟಿದ್ದಾರೆ.

ಈ ಇಡೀ ವ್ಯವಹಾರದಲ್ಲಿ ಒಂದು ದಿನವೂ ರಜೆ ಹಾಕದೆ, ಊಟಕ್ಕೂ ಏಳದೆ, ಎರಡನೇ ಶನಿವಾರವೆಂದು ನೆಪ ಹೇಳದೆ ದುಡಿದವರು ತಾವೊಬ್ಬರೇ. ತಮ್ಮನ್ನೇ ಆ ಆಸ್ಪತ್ರೆಯ ಸಾಹೇಬರನ್ನಾಗಿ ಮಾಡಿದ್ದರೆ ನಮ್ಮ ಕೆಲಸ ಎಂದೋ ಆಗಿಹೋಗುತ್ತಿತ್ತು. ಆದರೂ ಒಂದು ವಿನಂತಿ: ತಾವೂ ಸ್ವಲ್ಪ ಸರಕಾರಿ ಪದ್ಧತಿ ಕಲಿಯಿರಿ. ಮಷೀನು ಕೆಟ್ಟಾಗ ಬೆಳೆಯಬೇಡಿ, ಡಾಕ್ಟರು ಊರಲ್ಲಿಲ್ಲದಾಗ ತಾವೂ ಎಲ್ಲಿಗಾದರೂ ಟ್ರೇನಿಂಗಿಗೆ ಹೋಗಿಬನ್ನಿ, ಕಮಿಟಿ ಕೂಡುವವರೆಗೆ ನಮ್ಮ ಹಾಗೆ ಹೊರಗಿನ ಬೆಂಚಿನ ಮೇಲೆ ಸುಮ್ಮನೆ ಕೂತಿರಿ.

ನಾನು ಇಷ್ಟು ಅವಸರಪಡಲು ಕಾರಣವಿದೆ. ನೆರೆಮನೆಯ ಹಣಮಂತಮ್ಮ ಮೊನ್ನೆ ಬಂದು, "ದೊಡ್ಡ ಬ್ಯಾನಿ ಇದ್ದಿದ್ರ ಡಾಕ್ಟರ್ರು ಹಿಂಗ ಆರಾಮ ಕುಂಡ್ರತಿದ್ರೇನವಾ? ನಮ್ಮ ಎಮ್ಮಿ ಹೊಟ್ಟಿ ಉಬ್ಬಿದಾಗ ದನದ ಡಾಕ್ಟರ್ ಓಡಿ ಬಂದಿದ್ದ" ಎಂದು ಧೈರ್ಯ ಹೇಳಿ ಹೋದಳು. ಅಂದಿನಿಂದ ಶರೀಫಾಳಿಗೆ ತನ್ನದು ಸಣ್ಣ ಬೇನೆಯೆಂದು ನಂಬಿಕೆ ಬಂದುಬಿಟ್ಟಿದೆ. ತನ್ನ ತಂಗಿಯ ಮಗಳು ತಸ್ಲೀಮಾಳ ಮದುವೆಗೆ ಕೊಡುವ ಗಾದಿ ಹೊಲಿಯುತ್ತ, ಹಾಡು ಗುನುಗುತ್ತ ಕೂತಿದ್ದಾಳೆ. ಅವಳು ಗುನುಗಿದಷ್ಟೂ ನನಗೆ ಹೆದರಿಕೆ ಹೆಚ್ಚುತ್ತಿದೆ, ಮಾನ್ಯರೇ.

ತಾವು ಜಾಗ ಖಾಲಿ ಮಾಡುವವರೆಗೆ ಮಾತ್ರ,
ತಮ್ಮ ವಿಶ್ವಾಸಿ,
ವಹಾಬ, ಗಾದಿಯವನು

ತಾ.ಕ.: ಇಷ್ಟು ಬರೆಯುವುದರೊಳಗೆ ದೊಡ್ಡಾಸ್ಪತ್ರೆಯಿಂದ ಫೋನು ಬಂತು, ನಾಳೆಯೇ ಬಂದು ಭರ್ತಿಯಾಗಬೇಕಂತೆ. ಶರೀಫಾ ಹೊಲಿಗೆಯಿಂದ ತಲೆಯನ್ನೇ ಎತ್ತದೆ, "ಇಷ್ಟು ದಿನ ಅವರಿಗಿ ಅವಸರ ಇದ್ದಿಲ್ಲ, ಈಗ ನನಗೂ ಇಲ್ಲ. ನೋವಿಲ್ಲ ಏನಿಲ್ಲ, ಮದುವಿ ಆದ ಮ್ಯಾಲ ನೋಡಮು" ಅಂದಳು. ಬೈದೆ, ಕೈಮುಗಿದೆ, ಅತ್ತೂ ಬಿಟ್ಟೆ, ಕೇಳಲಿಲ್ಲ. ಆದ್ದರಿಂದ ಕಡೆಯದಾಗಿ ತಮ್ಮನ್ನೇ ಬೇಡುತ್ತಿದ್ದೇನೆ: ಇಲ್ಲಿಯವರೆಗೆ ಅವಳನ್ನು ನೋಯಿಸದೆ ತೋರಿದ ಸೌಜನ್ಯವನ್ನು ಇದೊಂದು ದಿನ ಬದಿಗಿಟ್ಟು, ಬೆಳಗಿನ ಬಸ್ಸು ಹೊರಡುವ ಮೊದಲು ನನ್ನ ಶರೀಫಾಳಿಗೆ ಸ್ವಲ್ಪ ನೋವು ಕೊಡಿ.