ಗೋಡೆ ಬಿಳಿಯೋ, ಕೆನೆಯೋ?

ಹೆಂಡತಿ: ಬಿಳಿ ಅಲ್ಲ ರೀ, ಕೆನೆ ಬಣ್ಣ! ಎರಡು ವರ್ಷದಿಂದ ಬಡ್ಕೊತಿದೀನಿ.

ಗಂಡ: ಮೂವತ್ತು ವರ್ಷ ಊರ ಮನೆಗಳಿಗೆಲ್ಲ ಬಣ್ಣ ಹೊಡೆದವನು ನಾನು. ಬಿಳಿ ಯಾವುದು ಅಂತ ನಿನ್ನಿಂದ ಕಲೀಬೇಕಾ?

(ಹಿಂದಿನ ದಿನವಷ್ಟೇ ಅವನ ಬಲಗಣ್ಣಿನ ಪೊರೆ ತೆಗೆದಿದ್ದರು; ಎಡಗಣ್ಣಿನದು ಇನ್ನೂ ಬಾಕಿಯಿತ್ತು. ಪಟ್ಟಿ ಬಿಚ್ಚಿಸಿಕೊಂಡು ಈಗತಾನೇ ಮನೆಗೆ ಬಂದಿದ್ದ. ಅವಳು ಆಸ್ಪತ್ರೆಯ ಚೀಟಿಯನ್ನು ತಿರುವಿ, ಖಾಲಿ ಬದಿ ಕಾಣುವಂತೆ ಗೋಡೆಗೆ ಒತ್ತಿ ಹಿಡಿದಳು.)

ಹೆಂಡತಿ: ಮೊದಲು ಹಳೇ ಕಣ್ಣಲ್ಲಿ ನೋಡಿ. ಹೊಸದನ್ನ ಮುಟ್ಬೇಡಿ, ಕೈ ಅಡ್ಡ ಹಿಡೀರಿ ಸಾಕು!

ಗಂಡ: ನೋಡ್ದೆ. ಚೀಟಿ, ಗೋಡೆ ಎರಡೂ ಒಂದೇ. ಬಿಳಿ.

ಹೆಂಡತಿ: ಈಗ ಹೊಸ ಕಣ್ಣಲ್ಲಿ.

(ಅವನು ಕೈ ಬದಲಿಸಿದ. ಮತ್ತೆ ಬದಲಿಸಿದ. ಗೋಡೆಗೆ ಮೂಗು ತಾಗುವಷ್ಟು ಹತ್ತಿರ ಹೋದ.)

ಗಂಡ: ಚೀಟಿ ಬದಲಾಯಿಸಿದ್ಯಾ? ಇದು ಥಳಥಳ ಅಂತಿದೆ. ಗೋಡೆ... ತಿಕ್ಕದ ಹಲ್ಲಿನ ಥರ ಇದೆಯಲ್ಲೇ!

ಹೆಂಡತಿ: ಅದೇ ಚೀಟಿ. ಡಾಕ್ಟರು ಹೇಳಿದ್ದು ಕಿವಿಗೆ ಬೀಳ್ಲಿಲ್ವಾ? ಪೊರೆ ಅಂದ್ರೆ ಹಳದಿ ಗಾಜಿನ ಹಿಂದೆ ಕೂತು ನೋಡಿದ ಹಾಗೆ. ಅದು ನಿಧಾನಕ್ಕೆ ಬರೋದ್ರಿಂದ ಮೆದುಳು ಅದನ್ನೇ ಸರಿ ಅಂತ ಒಪ್ಕೊಂಡ್ಬಿಡುತ್ತೆ.

ಗಂಡ: ಹಾಗಾದ್ರೆ ತಪ್ಪು ನಂದಲ್ಲ, ಮೆದುಳಿಂದು.

ಹೆಂಡತಿ: ಆ ಮೆದುಳು ಯಾರದು, ಪಕ್ಕದ ಮನೆಯವರದಾ?

(ಅವನು ಕುರ್ಚಿಯಲ್ಲಿ ಕುಸಿದು ಕೂತ. ಜೊತೆಯಲ್ಲಿ ಕೆಲಸ ಮಾಡುತ್ತಿದ್ದ ಭಾವಮೈದನನ್ನು ಈ ಗೋಡೆಯ ವಿಷಯಕ್ಕೇ "ನಿನಗೆ ಬಣ್ಣ ಗೊತ್ತಾಗಲ್ಲ" ಎಂದು ಬೈದು ಅಟ್ಟಿದ್ದ. ಅಂದಿನಿಂದ ಇಬ್ಬರಿಗೂ ಮಾತಿಲ್ಲ.)

ಗಂಡ: ಪಾಪ ಕಣೇ. ಇದು ಬಿಳಿ ಅಲ್ಲ ಭಾವ ಅಂತ ಎಷ್ಟು ಸಲ ಹೇಳ್ದ. ಈಗ ಯಾವ ಮುಖ ಇಟ್ಕೊಂಡು ಮಾತಾಡ್ಲಿ?

ಹೆಂಡತಿ: ಇರೋ ಮುಖಾನೇ ಇಟ್ಕೊಂಡು. ಹೊಸ ಕಣ್ಣಿಗೂ ಮೆದುಳು ಕೆಲವು ವಾರದಲ್ಲಿ ಒಗ್ಗಿ ಹೋಗುತ್ತಂತೆ. ಅಷ್ಟರೊಳಗೆ ತಪ್ಪು ಒಪ್ಕೊಳ್ಳಿ, ಇಲ್ಲಾಂದ್ರೆ ಮತ್ತೆ ನಂದೇ ಸರಿ ಅಂತೀರಿ. ಹಿಡೀರಿ ಫೋನು.

(ಅವಳೇ ನಂಬರ್ ಒತ್ತಿ, ಸ್ಪೀಕರ್ ಹಾಕಿದಳು.)

ಗಂಡ: ನಾನು ಕಣೋ. ನೀನು ಹೇಳಿದ್ದೇ ಸರಿ. ಗೋಡೆ ಕೆನೆ ಬಣ್ಣದ್ದೇ. ತಪ್ಪಾಯ್ತು.

(ಆ ಕಡೆಯಿಂದ ಮೂಗು ಎಳೆದುಕೊಂಡ ಸದ್ದು.)

ಭಾವಮೈದ: ಅಷ್ಟು ಅಂದ್ರಲ್ಲ ಭಾವ, ಸಾಕು. ಆದ್ರೆ ಕೆನೆ ಅಂತ ಯಾರು ಹೇಳಿದ್ದು? ನಾನು ಹೇಳಿದ್ದು ತಿಳಿ ಹಸಿರು ಅಂತ!

(ಇಬ್ಬರೂ ಗೋಡೆಯನ್ನು ನೋಡಿದರು. ಆಮೇಲೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು.)

ಗಂಡ: ಮುಂದಿನ ತಿಂಗಳು ಕೆಲಸಕ್ಕೆ ಬಾರೋ. ಏಣಿ ನೀನು ಹಿಡಿ, ಬ್ರಷ್ ನಾನು ಹಿಡೀತೀನಿ. ಬಣ್ಣದ ಡಬ್ಬಿ ಮಾತ್ರ ನಿಮ್ಮಕ್ಕನೇ ಆರಿಸ್ಲಿ!